ಹುಟ್ಟು ಕಿವುಡು: ವಂಶದ ಪ್ರಶ್ನೆಯಿಂದ ತಿಂಗಳುಗಳ ಲೆಕ್ಕಕ್ಕೆ

ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಹೊರಗೆ ಒಂದು ಗುಂಡು ಹಾರಿಸಿ ನೆರೆಕರೆಗೆ ಸುದ್ದಿ ಮುಟ್ಟಿಸುವ ರೂಢಿಯಿತ್ತು. ಹೆಣ್ಣಿಗೆ ಆ ಮರ್ಯಾದೆ ಇರಲಿಲ್ಲ, ಅದು ಬೇರೆ ಮಾತು. ಆ ಸದ್ದಿಗೆ ಕೂಸು ಬೆಚ್ಚಿಬಿದ್ದರೆ ಕಿವಿ ನೆಟ್ಟಗಿದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಕೋವಿಯಿಲ್ಲದ ಮನೆಗಳಲ್ಲಿ ಚಪ್ಪಾಳೆ, ಸ್ಟೀಲ್ ತಟ್ಟೆ, ದಡಾರನೆ ಹಾಕಿದ ಬಾಗಿಲು ಇವತ್ತಿಗೂ ಇದೇ ಕೆಲಸ ಮಾಡುತ್ತವೆ. ತೊಂದರೆಯೆಂದರೆ, ಈ ಪರೀಕ್ಷೆಯಲ್ಲಿ ಕೇಳದ ಮಗುವೂ ಪಾಸಾಗಿಬಿಡುತ್ತದೆ. ನೆಲದ ಅದುರು, ಗಾಳಿಯ ತಳ್ಳು, ಕೈ ಬೀಸಿದ ನೆರಳು, ಇಷ್ಟರಲ್ಲಿ ಯಾವುದಾದರೂ ಒಂದು ಸಾಕು ಅದು ಕಣ್ಣರಳಿಸಲು. ತಟ್ಟೆಯ ಸದ್ದು ಕೇಳುವ ಮಗುವಿಗೆ 'ಸ' ಮತ್ತು 'ಶ' ಕೇಳದೇ ಇರಬಹುದು. ಇನ್ನೂ ಮೋಸವೆಂದರೆ, ಪೂರ್ತಿ ಕಿವುಡಾಗಿ ಹುಟ್ಟಿದ ಮಗು ಕೂಡ ಮೊದಲ ತಿಂಗಳುಗಳಲ್ಲಿ ಉಳಿದ ಮಕ್ಕಳಂತೆಯೇ ಅಳುತ್ತದೆ, ಗುರುಗುಟ್ಟುತ್ತದೆ, ನಗುತ್ತದೆ. ಮನೆಯವರಿಗೆ ಅನುಮಾನ ಬರುವ ಹೊತ್ತಿಗೆ ಮಗುವಿಗೆ ಎರಡು ವರ್ಷ ತುಂಬಿರುತ್ತದೆ. 'ಅವನಪ್ಪನೂ ಮಾತು ಕಲಿತದ್ದು ತಡವೇ' ಎಂಬ ಅಜ್ಜಿಯ ಸಮಾಧಾನ ಇನ್ನೊಂದು ವರ್ಷ ನುಂಗುತ್ತದೆ.

ಪ್ರಪಂಚದ ಲೆಕ್ಕದಲ್ಲಿ ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಒಂದೆರಡಕ್ಕೆ ಗಂಭೀರ ಶ್ರವಣದೋಷವಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆನುವಂಶಿಕ. ಇಷ್ಟು ಸರಳವಾದ ವಾಕ್ಯಕ್ಕೆ ಬಂದು ಮುಟ್ಟಲು ವಿಜ್ಞಾನ ಅಡ್ಡದಾರಿಗಳನ್ನೇ ಹಿಡಿದಿತ್ತು.

ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಆತನೇ 1883ರಲ್ಲಿ, ಕಿವುಡರು ಕಿವುಡರನ್ನೇ ಮದುವೆಯಾಗುತ್ತ ಹೋದರೆ ಮನುಷ್ಯರಲ್ಲಿ ಒಂದು ಕಿವುಡ ತಳಿಯೇ ಹುಟ್ಟೀತು ಎಂದು ಅಮೆರಿಕದ ವಿಜ್ಞಾನಿಗಳ ಮುಂದೆ ಎಚ್ಚರಿಸಿದ. ಅರ್ಧ ಶತಮಾನದ ನಂತರ, 1933ರಲ್ಲಿ, ಜರ್ಮನಿಯ ನಾಜಿ ಸರ್ಕಾರ ಬಲವಂತದ ಸಂತಾನಹರಣಕ್ಕೆ ಕಾನೂನು ತಂದಾಗ ಅದರ ಪಟ್ಟಿಯಲ್ಲಿ ಆನುವಂಶಿಕ ಕಿವುಡೂ ಇತ್ತು. ಕ್ರೌರ್ಯದ ಮಾತು ಹಾಗಿರಲಿ, ಲೆಕ್ಕವೇ ತಪ್ಪು. ಕಿವುಡು ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಟ್ಟುವುದು ಕಿವಿ ಚೆನ್ನಾಗಿಯೇ ಕೇಳುವ ತಂದೆತಾಯಿಗೆ. ಕಾರಣವಾದ ವಂಶವಾಹಿಗಳಲ್ಲಿ ಹೆಚ್ಚಿನವು ಅವಿತಿರುವ ಜಾತಿಯವು: ಕೆಟ್ಟ ಪ್ರತಿ ಒಂದೇ ಇದ್ದರೆ ಏನೂ ಆಗುವುದಿಲ್ಲ, ತಾಯಿಯಿಂದ ಒಂದು ತಂದೆಯಿಂದ ಒಂದು ಬಂದು ಸೇರಿದಾಗ ಮಾತ್ರ ಕಿವುಡು. ಇಬ್ಬರೂ ಅಂಥ ಒಂದೊಂದು ಪ್ರತಿ ಹೊತ್ತವರಾದರೆ ಪ್ರತಿ ಬಸುರಿನಲ್ಲೂ ಸಾಧ್ಯತೆ ನಾಲ್ಕರಲ್ಲಿ ಒಂದು. 'ನಮ್ಮ ವಂಶದಲ್ಲೇ ಯಾರೂ ಹೀಗಿಲ್ಲ' ಎಂದು ಸೊಸೆಯ ಕಡೆ ಬೆರಳು ತೋರುವ ಅತ್ತೆಯಂದಿರು ಈ ಒಂದು ವಾಕ್ಯವನ್ನು ಎರಡು ಸಲ ಓದಬೇಕು.

ಎಲ್ಲವೂ ವಂಶದಿಂದಲೇ ಬರುವುದಿಲ್ಲ ಎಂಬುದು ತಿಳಿದದ್ದು 1940ರ ದಶಕದಲ್ಲಿ. ಬಸುರಿಗೆ ರುಬೆಲ್ಲಾ ಬಂದರೆ ಮಗುವಿಗೆ ಕಣ್ಣಿನ ಪೊರೆ ಬರುತ್ತದೆ ಎಂದು ಆಸ್ಟ್ರೇಲಿಯಾದ ನಾರ್ಮನ್ ಗ್ರೆಗ್ 1941ರಲ್ಲಿ ತೋರಿಸಿದ. ಕಿವುಡೂ ಅದರ ಫಲವೇ ಎಂಬುದು ಬೆನ್ನಿಗೇ ಗೊತ್ತಾಯಿತು. ದಡಾರ-ರುಬೆಲ್ಲಾ ಲಸಿಕಾ ಅಭಿಯಾನ 2017ರ ಫೆಬ್ರವರಿಯಲ್ಲಿ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 

ಜೀನಿನ ಕಥೆ ನಿಜವಾಗಿ ತೆರೆದುಕೊಂಡದ್ದು 1990ರ ದಶಕದಲ್ಲಿ. ಟ್ಯುನೀಷಿಯಾದ ಕುಟುಂಬಗಳನ್ನು ಅಧ್ಯಯನ ಮಾಡಿದ ಪ್ಯಾರಿಸ್‌ನ ತಂಡ 1994ರಲ್ಲಿ 13ನೇ ವರ್ಣತಂತುವಿನ ಒಂದು ಜಾಗವನ್ನು ಗುರುತಿಸಿತು. ಮೂರು ವರ್ಷದಲ್ಲಿ ಆ ಜಾಗದ ಜೀನ್ ಸಿಕ್ಕಿತು: ಜಿಜೆಬಿ2. ಅದು ಕನೆಕ್ಸಿನ್ 26 ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಒಳಕಿವಿಯ ಕಾಕ್ಲಿಯಾದಲ್ಲಿ ಸದ್ದನ್ನು ಹಿಡಿಯುವ ಕೂದಲು ಕೋಶಗಳು ಹದಿನೈದು ಸಾವಿರದ ಆಸುಪಾಸು, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವುಗಳ ಸುತ್ತಲಿನ ಆಸರೆಯ ಕೋಶಗಳು ಒಂದಕ್ಕೊಂದು ವಸ್ತು ದಾಟಿಸಿಕೊಳ್ಳುವ ಸಣ್ಣ ಕಂಡಿಗಳು ಈ ಕನೆಕ್ಸಿನ್‌ನಿಂದ ಆದವು. ಈ ಕಂಡಿಗಳು ಕೆಟ್ಟರೆ ಪೊಟ್ಯಾಸಿಯಂ ಹರಿವು ನಿಂತು ಕಿವುಡಾಗುತ್ತದೆ ಎಂದು ಬಹುಕಾಲ ವಿವರಿಸುತ್ತಿದ್ದರು. ಇಲಿಗಳ ಮೇಲಿನ ಕೆಲಸ ಇನ್ನೊಂದನ್ನೂ ತೋರಿಸಿತು: ಕಾಕ್ಲಿಯಾ ರೂಪುಗೊಳ್ಳುವ ಹಂತದಲ್ಲಿಯೇ ಕನೆಕ್ಸಿನ್ ಬೇಕು. ಆಗ ಇಲ್ಲದಿದ್ದರೆ ಅಂಗವೇ ಸರಿಯಾಗಿ ಬಲಿಯುವುದಿಲ್ಲ.

ಯುರೋಪಿನವರಲ್ಲಿ ಈ ಜೀನಿನ ಒಂದು ಬಗೆಯ ದೋಷ ಹೆಚ್ಚು, ಚೀನಾ ಜಪಾನ್‌ಗಳಲ್ಲಿ ಇನ್ನೊಂದು. ನಮ್ಮದು ಮೂರನೆಯದು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತೀಯ ಕುಟುಂಬಗಳಲ್ಲಿ ಎದ್ದು ಕಂಡದ್ದು ಡಬ್ಲ್ಯು24ಎಕ್ಸ್ ಎಂಬ ದೋಷ. ಕನೆಕ್ಸಿನ್ 26ರಲ್ಲಿ ಇರಬೇಕಾದ ಅಮೈನೋ ಆಮ್ಲಗಳು 226. ಈ ದೋಷವಿದ್ದರೆ ತಯಾರಿಕೆ 24ನೆಯದರಲ್ಲೇ ನಿಂತುಬಿಡುತ್ತದೆ. ಹಿಂದೆಂದೋ ಒಬ್ಬ ಪೂರ್ವಜರಲ್ಲಿ ಹುಟ್ಟಿ ಸಂತಾನದುದ್ದಕ್ಕೂ ಹರಡಿಕೊಂಡ ದೋಷವಿದು. ಇದೇ ದೋಷ ಸ್ಲೊವಾಕಿಯಾ ಮತ್ತು ಸ್ಪೇನಿನ ರೋಮಾ ಜನರಲ್ಲೂ ಸಿಕ್ಕಿತು. ಸಾವಿರ ವರ್ಷದ ಹಿಂದೆ ಅವರ ಹಿರಿಯರು ಭಾರತ ಬಿಟ್ಟು ಹೊರಟರು ಎಂಬುದಕ್ಕೆ ಭಾಷಾಶಾಸ್ತ್ರಜ್ಞರು ಕೊಡುತ್ತಿದ್ದ ಸಾಕ್ಷಿಗೆ ಕಿವಿಯೂ ಒಂದು ಸಾಕ್ಷಿ ಸೇರಿಸಿತು.

ಇಲ್ಲಿ ಕೊಡಗಿನ ಓದುಗರು ಒಂದು ಆಕ್ಷೇಪ ಎತ್ತಬಹುದು. ಕೊಡವರಲ್ಲಿ ಒಂದೇ ಒಕ್ಕದೊಳಗೆ, ಅಂದರೆ ಒಂದೇ ಮನೆತನದೊಳಗೆ, ಮದುವೆಯಿಲ್ಲ. ಅರೆಭಾಷೆ ಗೌಡರ ಹತ್ತು ಕುಟುಂಬ ಹದಿನೆಂಟು ಗೋತ್ರದ ಕಟ್ಟಳೆಯೂ ಅದನ್ನೇ ಹೇಳುತ್ತದೆ. ಹಾಗಾದರೆ ರಕ್ತ ಸಂಬಂಧದ ಪ್ರಶ್ನೆ ಎಲ್ಲಿಂದ ಬಂತು? ಒಕ್ಕ ಎಣಿಸುವುದು ತಂದೆಯ ಸಾಲನ್ನು ಮಾತ್ರ. ಜೀನು ಎರಡೂ ಕಡೆಯಿಂದ ಬರುತ್ತದೆ. ಸೋದರಮಾವನ ಮಗಳು ಬೇರೆ ಒಕ್ಕದವಳು, ಆದ್ದರಿಂದ ಕಟ್ಟಳೆಯ ಕಣ್ಣಿಗೆ ಹೊರಗಿನವಳು. ಆದರೆ ಇಬ್ಬರ ಜೀನುಗಳಲ್ಲಿ ಎಂಟರಲ್ಲೊಂದು ಪಾಲು ಒಂದೇ ಅಜ್ಜ ಅಜ್ಜಿಯಿಂದ ಬಂದದ್ದು. ಕರ್ನಾಟಕದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ಬಂಧುಗಳ ನಡುವೆಯೇ ನಡೆಯುತ್ತವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬಯಲುಸೀಮೆಯ ಸೋದರಮಾವ–ಅಕ್ಕನ ಮಗಳ ಮದುವೆಯಲ್ಲಿ ಹಂಚಿಕೆಯ ಪಾಲು ಇದರ ಎರಡರಷ್ಟು.

ಬಂಧುಗಳನ್ನು ಬಿಟ್ಟು ಮದುವೆಯಾದರೂ ವಿಷಯ ಮುಗಿಯುವುದಿಲ್ಲ. ಸಣ್ಣ ಸಮುದಾಯ ತಲೆಮಾರುಗಟ್ಟಲೆ ತನ್ನೊಳಗೇ ಕೊಟ್ಟು ತಂದರೆ, ಪರಿಚಯವೇ ಇಲ್ಲದ ಗಂಡು ಹೆಣ್ಣಿನಲ್ಲೂ ಒಂದೇ ಹಳೆಯ ದೋಷ ಇರಬಹುದು. 2017ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಕುಮಾರಸ್ವಾಮಿ ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೀಕ್ ಮೊದಲಾದವರು ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿದಾಗ 81ರಲ್ಲಿ ಈ ಒಳಕಟ್ಟು, ಅದಕ್ಕೆ ಹೆಸರಾದ ಫಿನ್‌ಲೆಂಡಿನವರಿಗಿಂತಲೂ ಬಿಗಿಯಾಗಿತ್ತು. ಇದು ಜಾತಿಯ ಹಣೆಬರಹವಲ್ಲ, ಅನುಕೂಲ. ದೋಷಗಳ ಬಗೆ ಕಡಿಮೆಯಿದ್ದಷ್ಟೂ ಪರೀಕ್ಷೆ ಅಗ್ಗ. ಮನೆತನದ ಮೂಲಮನೆಯಾದ ಐನ್‌ಮನೆಯ ಹಿರಿಯರು ನಾಲ್ಕೈದು ತಲೆಮಾರಿನ ಹೆಸರು ನೆನಪಿನಿಂದ ಹೇಳಬಲ್ಲ ಜಿಲ್ಲೆಯಲ್ಲಿ ವಂಶವೃಕ್ಷ ಬರೆಯಲು ತಳಿವಿಜ್ಞಾನಿ ಹೆಚ್ಚು ಕಷ್ಟಪಡಬೇಕಿಲ್ಲ. ಆದರೆ ಆ ಹೆಸರುಗಳಲ್ಲಿ ಹೆಣ್ಣು ಮಕ್ಕಳದ್ದನ್ನೂ ಕೇಳಿ ಬರೆದುಕೊಳ್ಳಬೇಕು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಂದು ದೋಷ ತಾಯಿಯಿಂದ ಮಾತ್ರ ಇಳಿದು ಬರುತ್ತದೆ. ಅದನ್ನು ಹೊತ್ತವರಿಗೆ ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್‌ನಂಥ ಚುಚ್ಚುಮದ್ದಿನಿಂದಲೇ ಕಿವಿ ಹೋಗಬಹುದು. 1993ರಿಂದ ಗೊತ್ತಿರುವ ಸಂಗತಿಯಿದು. ಒಕ್ಕದ ಹೆಸರು ಹಿಡಿದು ಹುಡುಕಿದರೆ ಎಂದೂ ಸಿಗುವುದಿಲ್ಲ.

ಜೀನ್ ಸಿಕ್ಕಿದ್ದು ದೊಡ್ಡ ಸುದ್ದಿಯೇ. ಆದರೆ ಮಗುವಿನ ಬದುಕನ್ನು ಹೆಚ್ಚು ಬದಲಿಸಿದ ಸಂಶೋಧನೆ ಬೇರೆ ಕಡೆಯಿಂದ ಬಂತು ಎಂಬುದು ನನ್ನ ಎಣಿಕೆ. ಗರ್ಭದ ನಾಲ್ಕನೇ ವಾರದಲ್ಲಿ ಒಳಕಿವಿ ಮೊಳೆಯುತ್ತದೆ, ಆರೇಳು ತಿಂಗಳ ಹೊತ್ತಿಗೆ ಮಗು ಸದ್ದಿಗೆ ಸ್ಪಂದಿಸುತ್ತದೆ. ಹುಟ್ಟಿದ ಒಂದೆರಡು ದಿನದ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆ ಎಂದು 1980ರಲ್ಲಿ ತೋರಿಸಲಾಯಿತು. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಮಾಡಿದ ಪ್ರಯೋಗವಂತೂ ನಮಗೆ ಹತ್ತಿರದ್ದು. ಇಂಗ್ಲಿಷ್ ಮನೆಗಳ ಶಿಶುಗಳಿಗೆ ಅವರು ಹಿಂದಿಯ ತ ಮತ್ತು ಟ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳಿಗೆ ವ್ಯತ್ಯಾಸ ತಿಳಿಯುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವು ಅದನ್ನು ಕಳೆದುಕೊಂಡಿದ್ದವು, ಮನೆಯಲ್ಲಿ ಅದರ ಬಳಕೆಯಿರಲಿಲ್ಲವಲ್ಲ. ಮಿದುಳು ಮೊದಲ ವರ್ಷದಲ್ಲೇ ಯಾವ ಸದ್ದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುತ್ತಿದೆ. ಕೊಡವ ತಕ್ಕಿನಲ್ಲಿ ಕನ್ನಡಕ್ಕಿಲ್ಲದ ಎರಡು ಸ್ವರಗಳಿವೆ. ಕೊಡಗಿನ ನಾಪೋಕ್ಲಿನ ಮನೆಯೊಂದರ ಕೂಸು ಅವನ್ನೂ, ಕೆಲಸದವರ ಯರವ ಮಾತನ್ನೂ, ಟಿವಿಯ ಕನ್ನಡವನ್ನೂ ಏಕಕಾಲಕ್ಕೆ ವಿಂಗಡಿಸುತ್ತಿರುತ್ತದೆ. ಕಿವಿ ಕೇಳದ ಮಗುವಿಗೆ ಇದೇ ತಿಂಗಳುಗಳು ಬರಿದಾಗಿ ಹೋಗುತ್ತವೆ.

ಕ್ರಿಸ್ಟೀನ್ ಯೋಶಿನಾಗಾ-ಇಟಾನೊ 1998ರಲ್ಲಿ ಅಮೆರಿಕದ ಕೊಲೊರಾಡೊದಿಂದ ಪ್ರಕಟಿಸಿದ ಫಲಿತಾಂಶ ಇದನ್ನೇ ಖಚಿತಪಡಿಸಿತು. ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರದ್ದಕ್ಕಿಂತ ಸ್ಪಷ್ಟವಾಗಿ ಮುಂದಿತ್ತು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ರೋಗನಿರ್ಣಯ, ಆರರೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬ ಸೂತ್ರದ ಬೆನ್ನೆಲುಬು ಇದು. ಸಂಜ್ಞಾ ಭಾಷೆಗೂ ಈ ಲೆಕ್ಕ ಅನ್ವಯಿಸುತ್ತದೆ. ಸಂಜ್ಞೆ ಬಲ್ಲ ಕಿವುಡ ತಂದೆತಾಯಿಯ ಮಕ್ಕಳು ಕೈಯಲ್ಲೇ ತೊದಲುತ್ತವೆ ಎಂಬುದೂ ಸಾಬೀತಾಗಿದೆ. ಮಿದುಳಿಗೆ ಬೇಕಾದದ್ದು ಭಾಷೆ, ಅದು ಬರುವ ದಾರಿ ಯಾವುದಾದರೂ ಸರಿ.

ಪತ್ತೆಯ ಉಪಕರಣ ಬಂದು ಕಾಲವಾಯಿತು. ಆರೋಗ್ಯವಂತ ಕಿವಿ ತಾನೂ ಸಣ್ಣ ಸದ್ದು ಹೊರಡಿಸುತ್ತದೆ ಎಂದು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ಕಂಡುಹಿಡಿದ. ನಿದ್ದೆ ಮಾಡುವ ಕೂಸಿನ ಕಿವಿಗೆ ಪುಟ್ಟ ಬಿರಡೆಯಿಟ್ಟು ಆ ಮಾರ್ದನಿ ಹಿಡಿಯಲು ಕೆಲವೇ ನಿಮಿಷ ಸಾಕು. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ದೇಶದಲ್ಲಿ ಬೇರೆ ಎಷ್ಟೋ ಜಿಲ್ಲೆಗಳಿಗೆ ಇಲ್ಲದ ಸವಲತ್ತು ಇದು. ಹುಟ್ಟಿನಿಂದ ಬಂದ ಕಿವುಡು 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಇದೆ. ಕಡತದಲ್ಲಿ ಎಲ್ಲವೂ ಸರಿ. ಜಾರುವುದು ಎರಡನೇ ಭೇಟಿಯಲ್ಲಿ. ಮೊದಲ ತಪಾಸಣೆಯಲ್ಲಿ ಫೇಲಾದ ಮಗುವನ್ನು ಮತ್ತೆ ಕರೆತನ್ನಿ ಎಂದರೆ, ಅದು ಜುಲೈ ಆದರೆ ಮಳೆ, ಜನವರಿಯಾದರೆ ಕಾಫಿ ಕೊಯ್ಲು. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಕುಟುಂಬ ಕೊಯ್ಲು ಮುಗಿದ ಮೇಲೆ ಬೇರೆ ತೋಟಕ್ಕೋ, ಅಸ್ಸಾಮಿನಿಂದ ಬಂದವರಾದರೆ ತಮ್ಮ ಊರಿಗೋ ಹೊರಟುಬಿಡುತ್ತದೆ. ದಿನದ ಕೂಲಿ ಬಿಟ್ಟು, ನಗುನಗುತ್ತಾ ಆಡುವ ಕೂಸನ್ನು ಎತ್ತಿಕೊಂಡು ಬಸ್ ಹತ್ತು ಎಂದರೆ ಯಾವ ತಾಯಿ ಹತ್ತಿಯಾಳು? ಒಂದು ಫೇಲು ಎಂದರೆ ಕಿವುಡೆಂದೇ ಅರ್ಥವಲ್ಲ, ಕಿವಿಯಲ್ಲಿ ನೀರಿನಂಶವಿದ್ದರೂ ಹಾಗಾಗುತ್ತದೆ ಎಂದು ಬೇರೆ ಹೇಳಿರುತ್ತಾರೆ. ಮಾತು ನಿಜ, ಆದರೆ ಮರಳಿ ಬಾರದಿರಲು ಅದೇ ನೆಪವೂ ಆಗುತ್ತದೆ.

2024ರ ಜನವರಿಯಲ್ಲಿ ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ತಂಡ ಒಟಿಒಎಫ್ ಎಂಬ ಜೀನಿನ ದೋಷದಿಂದ ಕಿವುಡಾಗಿದ್ದ ಆರು ಮಕ್ಕಳ ಒಳಕಿವಿಗೆ ಸರಿಯಾದ ಪ್ರತಿಯನ್ನು ವೈರಸ್ ಮೂಲಕ ಸೇರಿಸಿದ ಫಲಿತಾಂಶ ಪ್ರಕಟಿಸಿತು. ಐವರಿಗೆ ಶ್ರವಣ ಮರಳಿತ್ತು. ಪತ್ರಿಕೆಗಳು ಕಿವುಡಿಗೆ ಮದ್ದು ಸಿಕ್ಕಿತೆಂದೇ ಬರೆದವು. ಆ ಜೀನ್ ದೋಷವಿರುವ ಮಕ್ಕಳು ಕೆಲವರೇ, ಕನೆಕ್ಸಿನ್ ದೋಷದವರಿಗೆ ಅದರಿಂದ ಪ್ರಯೋಜನವಿಲ್ಲ. ಕಾಕ್ಲಿಯಾ ಮಾತ್ರ ಕೆಟ್ಟು ನರ ಸರಿಯಿರುವ ಕನೆಕ್ಸಿನ್ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಸದ್ದನ್ನು ವಿದ್ಯುತ್ ಸಂಕೇತವಾಗಿಸಿ ನೇರ ನರಕ್ಕೆ ಮುಟ್ಟಿಸುವ ಸಾಧನ) ಸಾಮಾನ್ಯವಾಗಿ ಚೆನ್ನಾಗಿ ಒಗ್ಗುತ್ತದೆ. ಜೀನ್ ಪರೀಕ್ಷೆಯ ತಕ್ಷಣದ ಉಪಯೋಗ ಇಂಥ ಕಡೆ: ಯಾವ ಚಿಕಿತ್ಸೆ ಯಾರಿಗೆ ಎಂದು ತಿಳಿಯಲು, ಮತ್ತು ಮೊದಲ ಮಗುವಿನಲ್ಲಿ ದೋಷ ಖಚಿತವಾದ ಮನೆಯಲ್ಲಿ ಎರಡನೆಯದು ಹುಟ್ಟಿದ ವಾರವೇ ಕಿವಿ ಪರೀಕ್ಷೆ ಮಾಡಿಸಲು.