ಒಂದೇ ನಂಬರ್, ಇಬ್ಬರು ಒಡೆಯರು

ವಿಭಾಗಕ್ಕೆ ಹೊಸ ಯುನಿಕ್ಸ್ ಯಂತ್ರ (ಯುನಿಕ್ಸ್ ಅಥವಾ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಕಂಪ್ಯೂಟರ್) ಬಂದರೆ, ಕೇಬಲ್ ಸಿಕ್ಕಿಸಿ, ಖಾತೆಗಳನ್ನು ತೆರೆದು, ಸುಮ್ನೆ ಕೆಲಸಕ್ಕೆ ಬಿಟ್ಟುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಮೊದಲು ಅದರೊಳಗಿನ ನಂಬರುಗಳನ್ನು ನೋಡಿ.

ಯುನಿಕ್ಸ್ ನಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಯುಐಡಿ ಎಂಬ ಸಂಖ್ಯೆಯಿಂದ. ಫೈಲ್ ಯಾರದ್ದು ಎಂದು ಡಿಸ್ಕಿನಲ್ಲಿ ಬರೆದಿಡುವುದೂ ಅದನ್ನೇ. ಪರದೆಯ ಮೇಲೆ ಕಾಣುವ ಹೆಸರು ಆಮೇಲೆ ಹುಡುಕಿ ತೋರಿಸಿದ್ದು, ಅಷ್ಟೇ. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಆವೃತ್ತಿಗಳಲ್ಲಿ ಮೊದಲ ಬಳಕೆದಾರರಿಗೆ 1000, ನಂತರದವರಿಗೆ 1001. ಹಾಗಾಗಿ ಒಂದು ಯಂತ್ರದ 1001 ಪ್ರಾಧ್ಯಾಪಕಿಯಾದರೆ, ಇನ್ನೊಂದರದ್ದು ವಿದ್ಯಾರ್ಥಿ ಆಗಿರಬಹುದು. ಯಂತ್ರಗಳು ಬೇರೆ ಬೇರೆ ಇರುವವರೆಗೆ ತೊಂದರೆಯಿಲ್ಲ. ಎಲ್ಲರ ಫೈಲುಗಳೂ ಒಂದೇ ಸರ್ವರಿನಲ್ಲಿದ್ದು ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ವ್ಯವಸ್ಥೆಯ ಮೂಲಕ ಎಲ್ಲ ಯಂತ್ರಗಳಿಗೂ ಹಂಚಿಕೆಯಾದಾಗ ಪೇಚಾಟ ಶುರು. ಎನ್‌ಎಫ್‌ಎಸ್‌ನ ಮಾಮೂಲಿ ವ್ಯವಸ್ಥೆಯಲ್ಲಿ ಯಂತ್ರ ಹೇಳಿದ ನಂಬರನ್ನು ಸರ್ವರ್ ನಂಬಿಬಿಡುತ್ತದೆ. ಆ ವಿದ್ಯಾರ್ಥಿ ಪ್ರಾಧ್ಯಾಪಕಿಯ ಫೈಲುಗಳನ್ನು ಅಳಿಸಿದರೂ ಎಲ್ಲೂ ಎರರ್ ಬರುವುದಿಲ್ಲ.

ಆದ್ದರಿಂದ ನಂಬರುಗಳನ್ನು ಒಂದೇ ಕಡೆಯಿಂದ ಕೊಡಬೇಕು. 1980ರ ದಶಕದಲ್ಲಿ ಸನ್ ಎಂಬ ಕಂಪ್ಯೂಟರ್ ಕಂಪನಿ ಇದಕ್ಕೆಂದೇ ಎನ್‌ಐಎಸ್ ಎಂಬ ವ್ಯವಸ್ಥೆ ತಂದಿತು. ಈಗ ಆ ಕೆಲಸ ಹೆಚ್ಚಾಗಿ, ಬಳಕೆದಾರರ ಪಟ್ಟಿಯನ್ನು ಒಂದೆಡೆ ಇಡುವ ಎಲ್‌ಡ್ಯಾಪ್‌ನದ್ದು.

ಲ್ಯಾಬಿನಲ್ಲಿ ಆಗಲೇ ಬಳಕೆಯಲ್ಲಿದ್ದ ಯಂತ್ರವನ್ನು ಸೇರಿಸಿಕೊಳ್ಳುವುದಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅದರ 1001 ಕೇಂದ್ರದ ಪಟ್ಟಿಯಲ್ಲಿ 1002 ಆಗಬೇಕು, 1002 ಇದ್ದದ್ದು 1003 ಆಗಬೇಕು ಅಂದುಕೊಳ್ಳಿ. ಇದೇ ಕ್ರಮದಲ್ಲಿ ಫೈಲುಗಳ ಒಡೆತನ ಬದಲಿಸಿದರೆ ಕೆಟ್ಟಿತು. ಮೊದಲ ಹೆಜ್ಜೆಯಲ್ಲೇ ಇಬ್ಬರ ಫೈಲುಗಳೂ 1002 ಆಗುತ್ತವೆ, ಎರಡನೆಯದರಲ್ಲಿ ಎಲ್ಲವೂ 1003ಕ್ಕೆ ಹೋಗುತ್ತವೆ. ಆಮೇಲೆ ಯಾವುದು ಯಾರದ್ದೆಂದು ನಂಬರ್ ನೋಡಿ ಬೇರ್ಪಡಿಸಲು ಆಗುವುದಿಲ್ಲ. ಕೊನೆಯ ನಂಬರಿನಿಂದ ಹಿಂದಕ್ಕೆ ಬನ್ನಿ. ಅದಕ್ಕಿಂತಲೂ ಒಳ್ಳೆಯದು, ಕೇಂದ್ರದ ನಂಬರುಗಳನ್ನು 20000ದಂಥ ದೂರದ ಅಂಕಿಯಿಂದಲೇ ಶುರುಮಾಡುವುದು.

ಮುಂದಿನ ಪ್ರಶ್ನೆ ರೂಟ್ ಅಧಿಕಾರದ್ದು, ಅಂದರೆ ಯಂತ್ರದಲ್ಲಿ ಏನು ಬೇಕಾದರೂ ಮಾಡಬಲ್ಲ ಖಾತೆಯದ್ದು. 'ಯಂತ್ರ ನಮ್ಮದು, ರೂಟ್ ಪಾಸ್‌ವರ್ಡ್ ನಮಗೂ ಕೊಡಿ' ಎಂದು ಲ್ಯಾಬಿನವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ರೂಟ್ ಆದವರು ಆ ಯಂತ್ರದಲ್ಲಿ ಯಾರ ನಂಬರನ್ನಾದರೂ ಹಾಕಿಕೊಳ್ಳಬಹುದು. ಸರ್ವರ್ ಅದನ್ನೂ ನಂಬುತ್ತದೆ. ಅಂಥ ಯಂತ್ರಕ್ಕೆ ಕರ್ಬರೋಸ್ ಎಂಬ ಗುರುತು ಪರಿಶೀಲಿಸುವ ವ್ಯವಸ್ಥೆ ಇಲ್ಲದೆ ಹಂಚಿಕೆಯ ಫೈಲುಗಳನ್ನು ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1983ರಲ್ಲಿ ಶುರುವಾದ ಅಥೇನಾ ಯೋಜನೆಯಿಂದ ಬಂದ ಈ ವ್ಯವಸ್ಥೆ ನಂಬರನ್ನು ನಂಬದೆ, ಪಾಸ್‌ವರ್ಡ್ ಕೊಟ್ಟು ಪಡೆದ ಟಿಕೆಟ್ ಕೇಳುತ್ತದೆ. ಅದಕ್ಕೆ ಯಂತ್ರದ ಮತ್ತು ಸರ್ವರಿನ ಗಡಿಯಾರಗಳು ಹೊಂದಬೇಕು. ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಹಾಗಾಗಿ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಮೊದಲ ದಿನವೇ ಬೇಕು.

ಇದನ್ನೆಲ್ಲ ಪ್ರತಿ ಯಂತ್ರದಲ್ಲೂ ಕೈಯಾರೆ ಮಾಡುತ್ತಾ ಕೂರುವುದು ಬೇಡ. 1993ರಲ್ಲಿ ಓಸ್ಲೋ ವಿಶ್ವವಿದ್ಯಾಲಯದ ಮಾರ್ಕ್ ಬರ್ಜೆಸ್ ಸಿಎಫ್‌ಎಂಜಿನ್ ಎಂಬ ತಂತ್ರಾಂಶ ಬರೆದರು. ಯಂತ್ರ ಹೇಗಿರಬೇಕೆಂದು ಬರೆದಿಟ್ಟರೆ ಸಾಕು, ತಪ್ಪಿದ್ದನ್ನು ಅದು ಆಗಾಗ ಸರಿಮಾಡುತ್ತಿರುತ್ತದೆ. ಪಪೆಟ್, ಆನ್ಸಿಬಲ್‌ಗಳೂ ಇದೇ ದಾರಿಯಲ್ಲಿ ಬಂದವು. ಲ್ಯಾಬಿನವರಿಗೆ ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನಿನ್ನೆ ತಾವು ತಿದ್ದಿದ್ದು ಇವತ್ತು ಎಲ್ಲಿ ಹೋಯಿತೆಂದು ಅವರು ಹುಡುಕುತ್ತಾ ಕೂರಬೇಕಾಗುತ್ತದೆ.