ಲೋಕಪಾಲ್ ಬಂದರೂ ಲಂಚ ಹೋಗಲಿಲ್ಲ, ಹಾಗಾದರೆ ಚಳವಳಿಯಿಂದ ಬಂದದ್ದೇನು?

ಪ್ರಶ್ನೆ: 2011ರಲ್ಲಿ ಅಣ್ಣಾ ಹಜಾರೆ ಉಪವಾಸ ಕೂತಾಗ ದೇಶವೇ ಎದ್ದು ನಿಂತಿತ್ತು ಅಂತಾರೆ. ಕೇಂದ್ರದ ಮಂತ್ರಿ, ಅಧಿಕಾರಿಗಳ ಮೇಲಿನ ಭ್ರಷ್ಟಾಚಾರದ ದೂರು ವಿಚಾರಿಸುವ ಲೋಕಪಾಲ್‌ಗಾಗಿ ಕಾಯ್ದೆಯೂ ಬಂತು. ಆದರೆ ಇವತ್ತಿಗೂ ಖಾತೆ ಬದಲಾವಣೆಗೆ ಹೋದರೆ ಕೈ ಬಿಸಿ ಮಾಡಬೇಕು. ಹಾಗಿದ್ದ ಮೇಲೆ ಇಂಥ ಚಳವಳಿಗಳಿಂದ ಏನು ಬಂತು? ಮತ ಹಾಕುವ ಹಕ್ಕಿರುವಾಗ ಬೀದಿಗಿಳಿದು ಕಾನೂನು ಕೇಳುವುದು ಸರಿಯೇ?

ಉತ್ತರ: ಆಗ ನಾನು ಎಂಟನೇ ತರಗತಿ. ಚಿಕ್ಕಪ್ಪ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ತಲೆಗೆ ಬಿಳಿ ಟೋಪಿ, ಕೈಯಲ್ಲೊಂದು ಬಾವುಟ. ಮಸೂದೆಯಲ್ಲಿ ಏನಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಅಷ್ಟೊಂದು ಜನ ಒಂದೇ ಮಾತು ಹೇಳುತ್ತಿರುವಾಗ ಇನ್ನೇನು ಲಂಚ ಮುಗಿಯಿತು ಎಂದೇ ನಂಬಿದ್ದೆ. ಟೋಪಿ ಹಾಕಿದ್ದರ ಬಗ್ಗೆ ಇಂದಿಗೂ ನನಗೆ ಹೆಮ್ಮೆಯಿದೆ. ಆಮೇಲೆ ಏನಾಯಿತು ಎಂದು ನಾವು ಯಾರೂ ಬೆನ್ನು ಹತ್ತಲಿಲ್ಲವಲ್ಲ, ಅದು ಬೇಸರ.

ಬಂದದ್ದೇನು ಎಂಬುದನ್ನು ಮೊದಲು ನೋಡೋಣ. ಲೋಕಪಾಲ್ ಮಸೂದೆ ಸಂಸತ್ತಿಗೆ ಮೊದಲ ಸಲ ಬಂದದ್ದು 1968ರಲ್ಲಿ. ನಲವತ್ತಕ್ಕೂ ಹೆಚ್ಚು ವರ್ಷ ಅದು ಬರುತ್ತಿತ್ತು, ಬೀಳುತ್ತಿತ್ತು. ದೆಹಲಿಯಲ್ಲಿ ಹಜಾರೆ ಉಪವಾಸ ಕೂತ ರಾಮಲೀಲಾ ಮೈದಾನದ ಒತ್ತಡ ಇಲ್ಲದಿದ್ದರೆ ಇನ್ನೂ ಹಾಗೇ ನಡೆಯುತ್ತಿತ್ತೇನೋ. 2011ರ ಆಗಸ್ಟ್ 27ರಂದು ಸಂಸತ್ತು ಮೂರು ಅಂಶಗಳನ್ನು ತಾತ್ವಿಕವಾಗಿ ಒಪ್ಪಿತು: ನಾಗರಿಕ ಸನ್ನದು (ಯಾವ ಸರ್ಕಾರಿ ಕೆಲಸ ಎಷ್ಟು ದಿನದಲ್ಲಿ ಆಗಬೇಕೆಂಬ ಭರವಸೆ), ಕೆಳಹಂತದ ನೌಕರರೂ ಲೋಕಪಾಲ್ ವ್ಯಾಪ್ತಿಗೆ ಬರುವುದು, ರಾಜ್ಯಗಳಲ್ಲಿ ಇದೇ ಕೆಲಸಕ್ಕೆ ಲೋಕಾಯುಕ್ತ. ಮರುದಿನ ಉಪವಾಸ ಮುಗಿಯಿತು. ಕಾಯ್ದೆ ಪಾಸಾದದ್ದು 2013ರ ಡಿಸೆಂಬರ್‌ನಲ್ಲಿ, ಜಾರಿಯಾದದ್ದು 2014ರ ಜನವರಿಯಲ್ಲಿ. ಮೊದಲ ಲೋಕಪಾಲರ ನೇಮಕ ಆದದ್ದು ಮಾತ್ರ 2019ರ ಮಾರ್ಚ್‌ನಲ್ಲಿ. ಕಾನೂನು ಪುಸ್ತಕದಲ್ಲಿತ್ತು, ಕುರ್ಚಿ ಐದು ವರ್ಷ ಖಾಲಿಯಿತ್ತು. ಆ ಐದು ವರ್ಷಗಳಲ್ಲಿ 2011ರಂಥ ಜನಸಾಗರ ಎಲ್ಲಿತ್ತು?

ನಾಗರಿಕ ಸನ್ನದಿಗೆ ಕೇಂದ್ರ ತಂದ ಮಸೂದೆ 15ನೇ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ನಮ್ಮ ರಾಜ್ಯದಲ್ಲಿ ಅದೇ ಆಶಯದ ‘ಸಕಾಲ’ 2012ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅರ್ಜಿ ಕೊಟ್ಟರೆ ಸಂಖ್ಯೆ ಸಿಗಬೇಕು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಕೇಳುವವರು ಇನ್ನೂ ಕಡಿಮೆ. ನಮ್ಮ ಮನೆಯ ಒಂದು ಪೋಡಿ (ಜಮೀನು ಅಳೆದು ಭಾಗ ಮಾಡಿಸುವ) ಕೆಲಸ ತಿಂಗಳುಗಟ್ಟಲೆ ನಿಂತಿತ್ತು. ಅಪ್ಪ ‘ನಾಳೆ ಬನ್ನಿ’ ಕೇಳಿ ಕೇಳಿ ವಾಪಸ್ ಬರುತ್ತಿದ್ದರು. ಅರ್ಜಿಗೆ ಸಕಾಲ ಸಂಖ್ಯೆಯನ್ನೇ ಕೊಟ್ಟಿಲ್ಲ ಎಂದು ನಮಗೆ ತಿಳಿದದ್ದು ಆಮೇಲೆ. ಸಂಖ್ಯೆ ಇಲ್ಲದ ಅರ್ಜಿಗೆ ಗಡುವು ಎಲ್ಲಿಂದ ಬರಬೇಕು? ಹಟ ಹಿಡಿದು ಸಂಖ್ಯೆ ಪಡೆದ ಮೇಲೆ ಕಡತ ಅಲುಗಾಡಿತು.

ಇನ್ನು ಲೋಕಾಯುಕ್ತ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ. ದೆಹಲಿಯಲ್ಲಿ ಲೋಕಪಾಲ್ ಬೇಕೆಂದು ಕೂಗುವ ಹೊತ್ತಿಗೆ ಕರ್ನಾಟಕದಲ್ಲಿ 1984ರ ಕಾಯ್ದೆಯ ಲೋಕಾಯುಕ್ತ ಇತ್ತು, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಲೋಕಪಾಲ್ ಮಸೂದೆ ಬರೆಯಲು ಸರ್ಕಾರ ಮತ್ತು ಚಳವಳಿಗಾರರು ಸೇರಿದ್ದ ಜಂಟಿ ಕರಡು ಸಮಿತಿಯಲ್ಲಿ ಕೂತಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರೇ ಆಗ ಇಲ್ಲಿ ಲೋಕಾಯುಕ್ತರು. 2011ರ ಜುಲೈ 27ರಂದು ಅವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ನಾಲ್ಕು ದಿನಕ್ಕೆ ಆಗಿನ ಮುಖ್ಯಮಂತ್ರಿ ರಾಜೀನಾಮೆ ನೀಡಿದರು. ಅತ್ತ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ಪ್ರಕರಣದಿಂದ ಅದೇ ದಿನಗಳಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಂತಿತು.

ಅಂಥ ಸಂಸ್ಥೆಯ ಹಲ್ಲು ಕಿತ್ತದ್ದು ಒಂದು ಸರ್ಕಾರಿ ಆದೇಶ. ಲಂಚ ಪ್ರಕರಣಗಳಲ್ಲಿ ಬಲೆ ಬೀಸುವ, ದಾಳಿ ಮಾಡುವ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ದಕ್ಕಿದ್ದು ಸರ್ಕಾರದ ಅಧಿಸೂಚನೆಯಿಂದ. ಸರ್ಕಾರ ಕೊಟ್ಟದ್ದನ್ನು ಸರ್ಕಾರವೇ ಹಿಂಪಡೆಯಬಹುದಿತ್ತು. 2016ರ ಮಾರ್ಚ್‌ನಲ್ಲಿ ಹಾಗೇ ಆಯಿತು. ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಎಂಬ ಹೊಸ ದಳ ಹುಟ್ಟಿ, ಸರ್ಕಾರದ ಕೈಕೆಳಗೇ ಇರುವ ವ್ಯವಸ್ಥೆ ಸರ್ಕಾರಿ ನೌಕರರ ಮೇಲಿನ ದೂರುಗಳನ್ನು ತನಿಖೆ ಮಾಡತೊಡಗಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಆರು ವರ್ಷ ಕೋರ್ಟಿಗೆ ಅಲೆದವರು ಕೆಲವು ವಕೀಲರು, ಒಂದೆರಡು ಸಂಘಟನೆಗಳು. ಟೋಪಿ ಹಾಕಿದ್ದ ನಾವು ಆಗ ಬೇರೆಲ್ಲೋ ಇದ್ದೆವು.

ಬೀದಿಗಿಳಿಯುವುದು ಸರಿಯೇ ಎಂದು ಕೇಳಿದ್ದೀರಿ. ಸಂವಿಧಾನದ ದಾರಿಗಳು ತೆರೆದಿರುವಾಗ ಸತ್ಯಾಗ್ರಹ, ಅಸಹಕಾರಗಳು ಅರಾಜಕತೆಯ ವ್ಯಾಕರಣವಾಗುತ್ತವೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಅದೇ ಭಾಷಣದಲ್ಲಿ ರಾಜಕಾರಣದಲ್ಲಿ ವ್ಯಕ್ತಿಭಕ್ತಿ ಬೇಡ ಎಂದೂ ಹೇಳಿದ್ದರು. 2011ಕ್ಕೆ ಹೆಚ್ಚು ತಗಲುವುದು ಈ ಎರಡನೆಯ ಮಾತು ಎಂಬುದು ನನ್ನ ಅಭಿಪ್ರಾಯ. ಜನ ಸೇರಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ; ಐದು ವರ್ಷಕ್ಕೊಮ್ಮೆ ಒತ್ತುವ ಗುಂಡಿಯಲ್ಲಿ ಲೋಕಪಾಲ್ ಬೇಕೋ ಬೇಡವೋ ಎಂದು ಹೇಳುವ ಜಾಗವಿಲ್ಲ. ಆದರೆ ವೇದಿಕೆಯ ಮೇಲಿನ ಮುಖಗಳು ಬೇರೆ ಬೇರೆ ದಾರಿ ಹಿಡಿದಾಗ ಮೈದಾನವೂ ಖಾಲಿಯಾಯಿತು.

ಇದಕ್ಕಿಂತ ಭಿನ್ನವಾಗಿ ನಡೆದದ್ದು ಮಾಹಿತಿ ಹಕ್ಕಿನ ಹೋರಾಟ. ತೊಂಬತ್ತರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳ ಕೂಲಿಕಾರರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಜೊತೆ ಜನಸುನವಾಯಿಗಳಲ್ಲಿ, ಅಂದರೆ ಊರವರ ಎದುರಿನ ಬಹಿರಂಗ ವಿಚಾರಣೆಗಳಲ್ಲಿ, ಸರ್ಕಾರಿ ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿದರು. ಸತ್ತವರ ಹೆಸರಿಗೂ ಕೂಲಿ ಬಿದ್ದದ್ದು ಊರವರ ಎದುರೇ ಬಯಲಾಯಿತು. 2005ರಲ್ಲಿ ಬಂದ ಕಾಯ್ದೆಯನ್ನು ಬಳಸಲು ಯಾವ ನಾಯಕನೂ ಬೇಕಿಲ್ಲ: 10 ರೂಪಾಯಿ, ಒಂದು ಅರ್ಜಿ, 30 ದಿನ.

ನಿಮ್ಮ ಖಾತೆಯ ವಿಷಯಕ್ಕೆ ಬರೋಣ. ಭ್ರಷ್ಟಾಚಾರ ತಡೆ ಕಾಯ್ದೆಗೆ ಬಂದ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರಿಗೆ ಶಿಕ್ಷೆಯಿಲ್ಲ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗುವುದು ಇನ್ನೂ ಒಳ್ಳೆಯದು. ಅವರು ನೋಟಿಗೆ ಪುಡಿ ಹಚ್ಚಿ ಕಳಿಸುತ್ತಾರೆ. ಅದನ್ನು ಮುಟ್ಟಿದವರ ಕೈ ದ್ರಾವಣದಲ್ಲಿ ಅದ್ದಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಮೊಕದ್ದಮೆಗೆ ಮೇಲಿನವರ ಅನುಮತಿ ಬೇಕು, ವಿಚಾರಣೆ ಎಳೆಯುತ್ತದೆ, ಎಷ್ಟೋ ದೂರುದಾರರು ಒತ್ತಡಕ್ಕೆ ಸಿಕ್ಕಿ ಕಟಕಟೆಯಲ್ಲಿ ಮಾತು ತಿರುಗಿಸುತ್ತಾರೆ. ಹಾಗೆ ತಿರುಗಿದರೂ ಸಾಂದರ್ಭಿಕ ಸಾಕ್ಷ್ಯ ಗಟ್ಟಿಯಿದ್ದರೆ ಶಿಕ್ಷೆ ಕೊಡಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ಆದರೂ ನೀವು ದೂರು ಕೊಟ್ಟರೆ, ಸಮನ್ಸ್ ಬಂದ ದಿನ ಹೋಗಿ, ನಡೆದದ್ದನ್ನು ನಡೆದ ಹಾಗೇ ಹೇಳಿ. ಒಬ್ಬರೇ ಹೋಗಬೇಡಿ, ಮನೆಯವರನ್ನೋ ಗೆಳೆಯರನ್ನೋ ಜೊತೆಗೆ ಕರೆದುಕೊಳ್ಳಿ.