ಮೊಬೈಲ್ ನಂಬರ್ ಕಾಲಂನಲ್ಲಿ 2147483647 ಕಂಡ್ರೆ

ಡೇಟಾಬೇಸ್ ಕೆಲಸ ಮಾಡೋರಿಗೆಲ್ಲ 2147483647 ಬಾಯಿಪಾಠ. ಕಸ್ಟಮರ್ ಟೇಬಲ್ ತೆಗೆದಾಗ ಮೊಬೈಲ್ ನಂಬರ್ ಇರ್ಬೇಕಾದ ಕಡೆ ಸಾಲುಸಾಲಾಗಿ ಇದೇ ಕಂಡ್ರೆ ಮುಂದೆ ಏನೂ ಕೇಳ್ಬೇಕಾಗಿಲ್ಲ, ಆ ಕಾಲಂ ಟೈಪ್ ಇಂಟ್ (ಪೂರ್ಣಾಂಕ ಇಡೋ ಟೈಪ್) ಅಂತ ಕೊಟ್ಟಿದಾರೆ.

ಇಂಟ್‌ನಲ್ಲಿ ಇರೋದು 32 ಬಿಟ್ (0 ಇಲ್ಲಾ 1 ಹಿಡಿಸೋ ಮನೆಗಳು), ಒಂದು ಪ್ಲಸ್ಸೋ ಮೈನಸ್ಸೋ ಹೇಳೋಕೆ ಹೋಯ್ತು, ಉಳಿದ 31ಕ್ಕೂ 1 ತುಂಬಿದ್ರೆ 214 ಕೋಟಿ 74 ಲಕ್ಷ 83 ಸಾವಿರದ 647, ಅಲ್ಲಿಗೆ ಮುಗೀತು. ನಮ್ಮ ಮೊಬೈಲ್ ನಂಬರ್‌ಗಳು ಶುರುವಾಗೋದೇ 6, 7, 8, 9ರಿಂದ, ಅಂದ್ರೆ ಅತಿ ಚಿಕ್ಕದೂ 600 ಕೋಟಿ. ಒಂದೂ ಹಿಡಿಯಲ್ಲ! ಸ್ಟ್ರಿಕ್ಟ್ ಮೋಡ್ (ಹಿಡಿಯದ ಬೆಲೆ ಬಂದ್ರೆ ತಡೆಯೋ ಸೆಟ್ಟಿಂಗ್) ಆಫ್ ಇರೋ ಮೈಎಸ್‌ಕ್ಯೂಎಲ್ ಡೇಟಾಬೇಸ್ ಆದ್ರೆ ಎರರ್ ಕೊಡಲ್ಲ, ಬರೀ ವಾರ್ನಿಂಗ್ ಕೊಟ್ಟು ತನ್ನ ಕೈಲಾಗೋ ದೊಡ್ಡ ನಂಬರ್ ಬರ್ಕೊಂಡುಬಿಡುತ್ತೆ.

ಇಷ್ಟು ಹೇಳಿದ್ಮೇಲೂ ಹುಡುಗ್ರು ಬಂದು "ಇಂಟ್(10) ಇತ್ತು ಸಾರ್, ಇಂಟ್(20) ಮಾಡಿದೀನಿ, ಸರಿಹೋಯ್ತು" ಅಂತಾರಲ್ಲ, ಅಲ್ಲಿ ನನ್ನ ತಾಳ್ಮೆ ತಪ್ಪುತ್ತೆ. ಬ್ರಾಕೆಟ್ ಒಳಗಿರೋದು ತೋರಿಸೋ ಅಗಲ ಕಣಪ್ಪಾ, ಹಿಡಿಸೋ ಜಾಗ ಅಲ್ಲ. ಎಡಗಡೆ ಸೊನ್ನೆ ತುಂಬಿಸಿ ತೋರ್ಸು ಅಂದಾಗ ಎಷ್ಟು ತುಂಬಿಸ್ಬೇಕು ಅನ್ನೋಕೆ ಅದು. 5 ಹಾಕು, 20 ಹಾಕು, 50 ಹಾಕು, ಒಳಗೆ ಇರೋದು ಅದೇ ನಾಲ್ಕು ಬೈಟ್ (ಅಂದ್ರೆ ಅದೇ 32 ಬಿಟ್), ಮಿತಿ ಅದೇ 2147483647. ಈ ಗೊಂದಲ ತರೋ ಬ್ರಾಕೆಟ್ ಬೇಡ ಅಂತ ಮೈಎಸ್‌ಕ್ಯೂಎಲ್‌ನವ್ರೇ 8.0.17 ವರ್ಷನ್ನಿಂದ ಹೇಳ್ತಿದಾರೆ. ಬಿಗ್‌ಇಂಟ್ (ಇನ್ನೂ ದೊಡ್ಡ ಪೂರ್ಣಾಂಕ ಹಿಡಿಸೋ ಟೈಪ್) ಹಾಕಿದ್ರೆ ಹಿಡಿಯುತ್ತೆ ನಿಜ, ಆದ್ರೆ 080ರ ಸೊನ್ನೆ ಹೋಗುತ್ತೆ, +91ರ ಪ್ಲಸ್ ಹೋಗುತ್ತೆ. ಫೋನ್ ನಂಬರನ್ನ ಯಾರೂ ಕೂಡಲ್ಲ, ಗುಣಿಸಲ್ಲ, ಹಾಗಾಗಿ ವಾರ್ಚಾರ್ (ಅಕ್ಷರಗಳಾಗಿ ಇಡೋ ಟೈಪ್) ಹಾಕಿ. ಬೇರೆ ಸಾಫ್ಟ್‌ವೇರ್ ಅದೇ ಕಾಲಂ ಓದ್ತಿದ್ರೆ ಮೊದ್ಲು ಬ್ಯಾಕಪ್ ತಗೊಂಡು ವಿಚಾರಿಸಿ ಮುಟ್ಟಿ.

ಲ್ಯಾಬ್ ನಡೆಸೋ ಮೇಡಂ ಒಬ್ರು, ರಿಪೋರ್ಟ್ ಎಸ್‌ಎಂಎಸ್ ಯಾರಿಗೂ ಹೋಗ್ತಿಲ್ಲ ಅಂತ ಕರೆದ್ರು, ನೋಡಿದ್ರೆ ಪೇಷಂಟ್‌ಗಳಿಗೆಲ್ಲ ಒಂದೇ ನಂಬರ್. ಕಾಲಂ ಬದಲಾಯಿಸಿದ ತಕ್ಷಣ "ಹಳೇವು ವಾಪಸ್ ಬಂದ್ವಾ?" ಅಂದ್ರು. ಬರಲ್ಲ, ಒಳಗೆ ಹೋಗೋವಾಗ್ಲೇ ಕಳೆದುಹೋದವು. ಪುಣ್ಯಕ್ಕೆ ಅವ್ರು ರಸೀದಿ ಪುಸ್ತಕ ಒಂದನ್ನೂ ಬಿಸಾಕಿರ್ಲಿಲ್ಲ, ರಿಸೆಪ್ಷನ್ ಹುಡುಗಿ ಕಾರ್ಬನ್ ಕಾಪಿ ನೋಡ್ಕೊಂಡು ಒಂದೊಂದಾಗಿ ಟೈಪ್ ಮಾಡಿದ್ಳು.

ಆದ್ರೆ ಈ ನಂಬರ್ ಮೇಲೆ ನಂಗೆ ಪ್ರೀತಿನೇ. 31 ಎರಡುಗಳನ್ನ ಒಂದಕ್ಕೊಂದು ಗುಣಿಸಿ 1 ಕಳೆದ್ರೆ ಬರೋ ಇದು ಅವಿಭಾಜ್ಯ ಸಂಖ್ಯೆ, ಅದನ್ನ 1772ರಲ್ಲಿ ತೋರಿಸಿಕೊಟ್ಟೋರು ಗಣಿತಜ್ಞ ಆಯ್ಲರ್, ಆಗ ಅವ್ರ ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು. ಇದಕ್ಕೆ ಭಾಜಕ ಅಂತ ಇದ್ರೆ ಅದನ್ನ 248ರಿಂದ ಭಾಗಿಸಿದಾಗ 1 ಇಲ್ಲಾ 63 ಉಳೀಲೇಬೇಕು ಅಂತ ಹಿಡ್ಕೊಂಡ್ರು, 46340 ದಾಟಿ ಹುಡುಕೋದೂ ಬೇಕಿಲ್ಲ, ಸಾವಿರಾರು ಭಾಗಾಕಾರ ಕೆಲವು ನೂರಕ್ಕೆ ಇಳೀತು. ಇದನ್ನ 1073741824ರಿಂದ ಗುಣಿಸಿದ್ರೆ ಪರಿಪೂರ್ಣ ಸಂಖ್ಯೆ, ತನ್ನ ಭಾಜಕಗಳನ್ನೆಲ್ಲ ಕೂಡಿದ್ರೆ (ತನ್ನನ್ನ ಬಿಟ್ಟು) ತಾನೇ ಬರುತ್ತೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಯಾವತ್ತೂ ಸಿಗಲ್ಲ ಅಂತ 1811ರಲ್ಲಿ ಗಣಿತಜ್ಞ ಪೀಟರ್ ಬಾರ್ಲೋ ಬರೆದ್ರು, 1876ರಲ್ಲಿ ಇನ್ನೊಬ್ಬ ಗಣಿತಜ್ಞ ಲೂಕಾ 2ರ 127ನೇ ಘಾತದಿಂದ 1 ಕಳೆದು ಬರೋದೂ ಅವಿಭಾಜ್ಯ ಅಂತ ತೋರಿಸಿ ಅದನ್ನ ಸುಳ್ಳು ಮಾಡಿದ್ರು, ಯಾಕಂದ್ರೆ ಅದರಿಂದಲೂ ಇದೇ ಥರ ಇನ್ನೂ ದೊಡ್ಡ ಪರಿಪೂರ್ಣ ಸಂಖ್ಯೆ ಸಿಗುತ್ತೆ.

ಇನ್ನೊಂದು, ಟೈಮ್‌ಸ್ಟ್ಯಾಂಪ್ (ತಾರೀಖು, ಸಮಯ ಇಡೋ ಟೈಪ್) ಕಾಲಂಗೂ ಇದೇ ಮಿತಿ. 1970ರಿಂದ ಸೆಕೆಂಡ್ ಎಣಿಸ್ಕೊಂಡು ಬಂದ್ರೆ 2038ರ ಜನವರಿ 19, ನಮ್ಮ ಟೈಮ್ ಬೆಳಿಗ್ಗೆ 8:44:07ಕ್ಕೆ ಇದೇ ನಂಬರ್ ಮುಟ್ಟುತ್ತೆ. "ಅದು ಇನ್ನೂ ದೂರ" ಅನ್ಬೇಡಿ, 20 ವರ್ಷದ ಹೋಮ್ ಲೋನ್ ಕೊನೇ ಕಂತಿನ ತಾರೀಖು ಈಗ್ಲೇ ಅದನ್ನ ದಾಟಿದೆ. ಅಂಥ ಕಾಲಂಗೆ ಡೇಟ್ ಇಲ್ಲಾ ಡೇಟ್‌ಟೈಮ್ ಕೊಡಿ.